ಕಡಲೊಳಗೆ ಮಧ್ಯಮ ಭೂಕಂಪ: ದೂರದ ಕರಾವಳಿ ಹಳ್ಳಿಗಳು ಮೊದಲ ನಿಮಿಷದಿಂದ ಮೊದಲ ವಾರದವರೆಗೆ ಮಾಡಬೇಕಾದದ್ದು

ಭೂಕಂಪಶಾಸ್ತ್ರದ ರೂಢಿಯಲ್ಲಿ 5ರಿಂದ 5.9ರವರೆಗಿನ ಪ್ರಮಾಣದ ಭೂಕಂಪವನ್ನು ಮಧ್ಯಮವೆಂದೂ 6ರಿಂದ 6.9ರವರೆಗಿನದನ್ನು ಪ್ರಬಲವೆಂದೂ ಕರೆಯುತ್ತಾರೆ. ಮಧ್ಯಮ ಭೂಕಂಪವೊಂದು ತೀರದಿಂದ ಮೂವತ್ತು ನಲವತ್ತು ಕಿಲೋಮೀಟರ್ ಆಚೆ ಸಮುದ್ರತಳದ ಕೆಳಗೆ ಸಂಭವಿಸಿದಾಗ, ಹೆಚ್ಚಿನ ಸಲ ಪಾತ್ರೆಗಳು ಸದ್ದು ಮಾಡುತ್ತವೆ, ಹಳೆಯ ಗೋಡೆಯಲ್ಲೊಂದು ಬಿರುಕು ಕಾಣಿಸುತ್ತದೆ, ಸಮುದ್ರ ತನ್ನ ಪಾಡಿಗೆ ತಾನಿರುತ್ತದೆ. ಇಷ್ಟಕ್ಕೆ ಮಾರ್ಗದರ್ಶಿ ಏಕೆ ಬೇಕೆಂದರೆ, ನೆಲ ನಡುಗುತ್ತಿರುವ ಹೊತ್ತಿನಲ್ಲಿ ಅದು ಮಧ್ಯಮ ಭೂಕಂಪವೆಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಆ ಅಂಕಿ ಬರುವುದು ಆಮೇಲೆ. ಒಂದೇ ರಸ್ತೆ, ಒಂದೇ ವಿದ್ಯುತ್ ತಂತಿ, ಒಂದೇ ಮೊಬೈಲ್ ಗೋಪುರವನ್ನು ನಂಬಿಕೊಂಡ ದೂರದ ಹಳ್ಳಿಗೆ ಅದು ಬಾರದೆಯೂ ಹೋಗಬಹುದು. ಆದ್ದರಿಂದ ಮೊದಲ ನಿರ್ಧಾರವನ್ನು ಅಂಕಿಯ ಹಂಗಿಲ್ಲದೆ ಮಾಡಬೇಕಾಗುತ್ತದೆ. ಅಂಕಿ ಬಂದ ಮೇಲೆ ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ ಎಂಬುದನ್ನು ಅರಿತು ಎರಡನೆಯ ನಿರ್ಧಾರವನ್ನು ಮಾಡಬೇಕಾಗುತ್ತದೆ. ಕೆಳಗಿನ ಹಂತಗಳು ಈ ಕ್ರಮವನ್ನೇ ಅನುಸರಿಸುತ್ತವೆ.

ಹಂತ 1: ನಡುಗುತ್ತಿರುವಾಗ ತಲೆ ಕಾಪಾಡಿಕೊಳ್ಳಿ, ಸೆಕೆಂಡುಗಳನ್ನು ಎಣಿಸಿ

ಮನೆಯೊಳಗಿದ್ದರೆ ಕೂಡಲೇ ಮಂಡಿಯೂರಿ ಬಗ್ಗಿ, ಗಟ್ಟಿಯಾದ ಮೇಜಿನ ಕೆಳಗೆ ಸೇರಿ, ಅದರ ಕಾಲನ್ನು ಭದ್ರವಾಗಿ ಹಿಡಿದುಕೊಳ್ಳಿ. ಮೇಜಿಲ್ಲದಿದ್ದರೆ ಕಪಾಟು, ಕಿಟಕಿಗಳಿಂದ ದೂರವಿರುವ ಒಳಗೋಡೆಯ ಪಕ್ಕದಲ್ಲಿ ಕುಳಿತು ತಲೆ ಮತ್ತು ಕುತ್ತಿಗೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ. ಹಾಸಿಗೆಯಲ್ಲಿದ್ದವರು ಏಳದೆ, ಮಗುಚಿ ಮಲಗಿ, ದಿಂಬಿನಿಂದ ತಲೆ ಮುಚ್ಚಿಕೊಳ್ಳುವುದು ಮೇಲು. ಮಧ್ಯಮ ಭೂಕಂಪದಲ್ಲಿ ಪೂರ್ತಿ ಮನೆ ಕುಸಿಯುವುದಕ್ಕಿಂತ ಹೆಂಚು, ಗಾಜು, ಕಪಾಟು, ಸಡಿಲವಾದ ಇಟ್ಟಿಗೆ ಮೈಮೇಲೆ ಬಿದ್ದು ಗಾಯವಾಗುವುದೇ ಹೆಚ್ಚು; ನಡುಗುತ್ತಿರುವಾಗಲೇ ಬಾಗಿಲಿನತ್ತ ಓಡಿದವರು ಮಾಡಿನ ಅಂಚಿನಿಂದ ಉದುರುವ ಹೆಂಚಿಗೆ ನೇರವಾಗಿ ತಲೆಯೊಡ್ಡುತ್ತಾರೆ. ಹೊರಗಿದ್ದವರು ಗೋಡೆ, ಕಂಬ, ನೀರಿನ ತೊಟ್ಟಿಗಳಿಂದ ದೂರ ಸರಿದು ಬಯಲಿನಲ್ಲಿ ಕುಳಿತುಕೊಳ್ಳಬೇಕು. ಕಡಿದಾದ ಬಂಡೆಯ ಬುಡದಲ್ಲಾಗಲಿ, ಅದರ ನೆತ್ತಿಯ ಅಂಚಿನಲ್ಲಾಗಲಿ ಇದ್ದರೆ ಅಲ್ಲಿಂದ ಕದಲಬೇಕು.

ಇಷ್ಟು ಮಾಡುತ್ತಿರುವಾಗಲೇ ಬಾಯಿಬಿಟ್ಟು ಎಣಿಸಲು ತೊಡಗಿ. ಎಣಿಕೆಗೆ ಎರಡು ಉಪಯೋಗಗಳಿವೆ. ಭೂಕಂಪದಿಂದ ಮೊದಲು ಬಂದು ತಲುಪುವ ಪ್ರಾಥಮಿಕ ತರಂಗ ಒಂದು ಗುದ್ದಿನಂತೆಯೋ ಕಿಟಕಿಯ ಸಣ್ಣ ಸದ್ದಿನಂತೆಯೋ ತೋರುತ್ತದೆ. ಅದರ ಹಿಂದೆ ನಿಧಾನವಾಗಿ ಬರುವ ದ್ವಿತೀಯಕ ತರಂಗ ನಿಜವಾದ ಓಲಾಟವನ್ನು ತರುತ್ತದೆ. ಎರಡರ ನಡುವಿನ ಸೆಕೆಂಡುಗಳನ್ನು ಎಂಟರಿಂದ ಗುಣಿಸಿದರೆ ಭೂಕಂಪ ಹುಟ್ಟಿದ ಜಾಗ ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂಬ ಸ್ಥೂಲ ಅಂದಾಜು ಸಿಗುತ್ತದೆ: ಐದು ಸೆಕೆಂಡು ಎಂದರೆ ಸುಮಾರು ನಲವತ್ತು ಕಿಲೋಮೀಟರ್. ಎರಡನೆಯ ಮತ್ತು ಹೆಚ್ಚು ಮುಖ್ಯವಾದ ಎಣಿಕೆ ಒಟ್ಟು ಅವಧಿಯದು. ಮಧ್ಯಮ ಭೂಕಂಪದ ಬಲವಾದ ನಡುಕ ಕೆಲವೇ ಸೆಕೆಂಡುಗಳದ್ದು, ಮೆದು ಮಣ್ಣಿನ ಮೇಲೆ ಅದು ಇನ್ನಷ್ಟು ಹೊತ್ತು ಎಳೆಯಬಹುದು. 8ರ ಆಸುಪಾಸಿನ ಭೂಕಂಪ ಒಂದು ನಿಮಿಷವನ್ನೂ ಮೀರಿ ಅಲುಗಿಸುತ್ತದೆ. ಭಯದಲ್ಲಿ ಹತ್ತು ಸೆಕೆಂಡು ಒಂದು ನಿಮಿಷದಂತೆ ತೋರುವುದರಿಂದ, ನೆನಪಿನ ಅಂದಾಜನ್ನು ನಂಬುವಂತಿಲ್ಲ, ಎಣಿಸಿದ್ದನ್ನು ನಂಬಬಹುದು.

ಕಡಲಲ್ಲಿ ದೋಣಿಯ ಮೇಲಿರುವವರಿಗೆ ಓಲಾಟ ತಿಳಿಯುವುದಿಲ್ಲ, ಏಕೆಂದರೆ ದ್ವಿತೀಯಕ ತರಂಗ ನೀರಿನಲ್ಲಿ ಸಾಗದು. ಅವರಿಗೆ ತಳ ಬಂಡೆಗೆ ತಾಗಿದಂಥ ಗುದ್ದೋ ನಡುಕವೋ ಅನುಭವಕ್ಕೆ ಬರುತ್ತದೆ. ಆಳವಿರುವಲ್ಲಿ ಹಾಗಾದರೆ ಗಡಿಯಾರ ನೋಡಿ ಸಮಯವನ್ನು ಬರೆದಿಟ್ಟುಕೊಳ್ಳಿ, ದಡದತ್ತ ತಿರುಗುವ ಮೊದಲು ರೇಡಿಯೊ ಕೇಳಿ.

ಹಂತ 2: ಎತ್ತರಕ್ಕೆ ಹೋಗಬೇಕೇ ಎಂಬುದನ್ನು ಯಾರ ಅಪ್ಪಣೆಗೂ ಕಾಯದೆ ನಿರ್ಧರಿಸಿ

ನಿಯಮ ಸರಳವಾಗಿದೆ. ನಿಲ್ಲಲಾಗದಷ್ಟು ಬಲವಾಗಿ ನಡುಗಿದರೆ, ಅಥವಾ ಮೆಲ್ಲಗಾದರೂ ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನಡುಗಿದರೆ, ಅಥವಾ ಸಮುದ್ರ ಅಕಾಲದಲ್ಲಿ ಹಿಂದೆ ಸರಿದರೆ, ಉಕ್ಕಿದರೆ, ದೊಡ್ಡದಾಗಿ ಮೊರೆದರೆ, ಕೂಡಲೇ ಎತ್ತರಕ್ಕೆ ನಡೆಯಬೇಕು. ಇವುಗಳಲ್ಲಿ ಒಂದೇ ಒಂದು ಕಂಡರೂ ಸಾಕು. ಸಮುದ್ರ ಹಿಂದೆ ಸರಿಯಲಿಲ್ಲವೆಂದು ನಿಂತು ನೋಡುವುದು ತಪ್ಪು. ಅಲೆಯ ಉಬ್ಬು ಮೊದಲು ತಲುಪುವ ಕರಾವಳಿಯಲ್ಲಿ ಅದು ಸರಿಯುವುದೇ ಇಲ್ಲ.

ಅವಧಿಯ ಮೇಲೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 2010ರ ಅಕ್ಟೋಬರ್ 25ರಂದು ಇಂಡೊನೇಷ್ಯಾದ ಮೆಂತಾವಾಯ್ ದ್ವೀಪಗಳ ಬಳಿ ಸಂಭವಿಸಿದ 7.8 ಪ್ರಮಾಣದ ಭೂಕಂಪ ದ್ವೀಪವಾಸಿಗಳಿಗೆ ಮೃದುವಾದ, ಆದರೆ ದೀರ್ಘವಾದ ಓಲಾಟವಾಗಿ ಮಾತ್ರ ತಿಳಿಯಿತು. ಹಿಂದಿನ ವರ್ಷ ಸುಮಾತ್ರಾದ ಪಾದಾಂಗ್ ನಗರದ ಬಳಿಯ ಭೂಕಂಪ ಅವರನ್ನು ಇದಕ್ಕಿಂತ ಜೋರಾಗಿ ಅಲುಗಿಸಿತ್ತು, ಸುನಾಮಿ ಬಂದಿರಲಿಲ್ಲ. ಹಾಗಾಗಿ ಇದು ಇನ್ನೂ ಚಿಕ್ಕದು ಎಂದು ಅನೇಕರು ಉಳಿದುಬಿಟ್ಟರು. ನಾನೂರಕ್ಕೂ ಹೆಚ್ಚು ಮಂದಿ ಸತ್ತರು. ಜಪಾನಿನ ಸಾನ್ರಿಕು ಕರಾವಳಿಯಲ್ಲಿ 1896ರ ಜೂನ್ 15ರಂದು ಸುಮಾರು 22,000 ಜನರನ್ನು ಕೊಂದ ಸುನಾಮಿಗೂ ಮುನ್ನ ಜನ ಅನುಭವಿಸಿದ್ದು ದುರ್ಬಲವಾದ ನಡುಕವನ್ನೇ. ಭೂಫಲಕಗಳ ಗಡಿಯಲ್ಲಿ ಸಮುದ್ರತಳಕ್ಕೆ ತೀರ ಹತ್ತಿರದ ಭಾಗ ನಿಧಾನವಾಗಿ ಜಾರಿದರೆ ನೆಲ ಹೆಚ್ಚು ಕುಲುಕುವುದಿಲ್ಲ, ನೀರು ಮಾತ್ರ ಮೇಲೇಳುತ್ತದೆ. ದೇಹಕ್ಕೆ ಚಿಕ್ಕದೆನಿಸಿದ ಭೂಕಂಪವೆಲ್ಲ ಚಿಕ್ಕದಾಗಿರಬೇಕಿಲ್ಲ. ಅದನ್ನು ಬಯಲಿಗೆಳೆಯುವುದು ಸೆಕೆಂಡುಗಳ ಎಣಿಕೆ.

ಇನ್ನೊಂದು ಬದಿಯಿಂದ ನೋಡಿದರೆ, ಹದಿನೈದು ಸೆಕೆಂಡಿನಲ್ಲಿ ಮುಗಿದ, ನಿಂತು ತಾಳಬಹುದಾಗಿದ್ದ ನಡುಕಕ್ಕೆ ಇಡೀ ಹಳ್ಳಿ ಕತ್ತಲಲ್ಲಿ ಗುಡ್ಡ ಹತ್ತಲೇಬೇಕೆಂದಿಲ್ಲ. ನೀರಿನಂಚಿನಿಂದ ಹಿಂದೆ ಸರಿದು, ದೋಣಿ ಧಕ್ಕೆಗಳನ್ನು ತೊರೆದು, ಮುಂದಿನ ಸೂಚನೆಗೆ ಕಿವಿಗೊಟ್ಟಿದ್ದರೆ ಸಾಕು. ಅನುಮಾನವಿದ್ದವರು ಹತ್ತುವುದಕ್ಕೆ ಅಡ್ಡಿಯಿಲ್ಲ, ಅವರನ್ನು ನೋಡಿ ನಗುವವರಿಗೆ ಮಾತ್ರ ಅಡ್ಡಿಯಿರಬೇಕು.

ಹಂತ 3: ಹೊರಟರೆ ಹೇಗೆ, ಎಷ್ಟು ದೂರ

ಸುನಾಮಿಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ನಾಲ್ಕು ಸಾವಿರ ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 700 ಕಿಲೋಮೀಟರ್ ಸಾಗುತ್ತದೆ, 200 ಮೀಟರ್ ಆಳದಲ್ಲಿ ಸುಮಾರು 160, ದಡದ ಬಳಿಯ ಹತ್ತು ಮೀಟರ್ ಆಳದಲ್ಲೂ 36. ತೀರದಾಚೆ ನಲವತ್ತು ಕಿಲೋಮೀಟರಿನಲ್ಲಿ ಹುಟ್ಟಿದ ಅಲೆಗೆ 200 ಮೀಟರ್ ಆಳದ ಕಡಲಲ್ಲಿ ಹದಿನೈದು ನಿಮಿಷದ ದಾರಿ. ಎಚ್ಚರಿಕೆ ಕೇಂದ್ರದ ಮೊದಲ ಪ್ರಕಟಣೆ ಹೊರಡುವುದಕ್ಕೇ ಐದರಿಂದ ಹತ್ತು ನಿಮಿಷ ಬೇಕು, ಅದು ಹಳ್ಳಿಯ ಕಿವಿಗೆ ಬೀಳಲು ಇನ್ನಷ್ಟು. ಹತ್ತಿರದ ಭೂಕಂಪಕ್ಕೆ ನಡುಕವೇ ಸೈರನ್ ಎಂದು ಹೇಳುವುದು ಈ ಲೆಕ್ಕದಿಂದ.

ಕಾಲ್ನಡಿಗೆಯಲ್ಲೇ ಹೋಗಿ. ಒಂದೇ ದಾರಿಯಿರುವ ಊರಿನಲ್ಲಿ ಬಿರುಕುಬಿಟ್ಟ ಸೇತುವೆಯ ಮುಂದೆ ನಿಂತ ಮೊದಲ ವಾಹನ ಹಿಂದಿನ ಎಲ್ಲರನ್ನೂ ತಡೆಯುತ್ತದೆ. ನಡೆಯಲಾಗದವರಿಗಷ್ಟೇ ವಾಹನವನ್ನು ಮೀಸಲಿಡಿ. ಸಮುದ್ರಮಟ್ಟದಿಂದ ಮೂವತ್ತು ಮೀಟರ್ ಎತ್ತರ, ಅಥವಾ ಒಳನಾಡಿನತ್ತ ಮೂರು ಕಿಲೋಮೀಟರ್ ದೂರ ಎಂಬುದು ಸಾಮಾನ್ಯ ಗುರಿ; ಅಷ್ಟು ಸಾಧ್ಯವಾಗದಿದ್ದರೂ ಏರಿದ ಪ್ರತಿ ಮೀಟರೂ ಲಾಭವೇ. ಅಳಿವೆ ಮತ್ತು ಹೊಳೆಯ ದಂಡೆಯನ್ನು ಹಿಡಿದು ಒಳಗೆ ಹೋಗಬೇಡಿ, ಅಲೆಯೂ ಅದೇ ದಾರಿಯಲ್ಲಿ ಬರುತ್ತದೆ. ಹಿನ್ನೀರಿಗೂ ಕಡಲಿಗೂ ನಡುವೆ ಮರಳದಿಣ್ಣೆಯ ಮೇಲಿರುವ ಊರುಗಳ ಪರಿಸ್ಥಿತಿ ಬಲು ಕಷ್ಟದ್ದು. 1998ರ ಜುಲೈ 17ರಂದು ಪಾಪುವಾ ನ್ಯೂಗಿನಿಯ ಸಿಸ್ಸಾನೋ ಹಿನ್ನೀರಿನ ಅಂಚಿನ ಹಳ್ಳಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ಸತ್ತಾಗ ಭೂಕಂಪದ ಪ್ರಮಾಣ 7.0 ಮಾತ್ರ ಆಗಿತ್ತು. ಸಮುದ್ರದೊಳಗೆ ಕುಸಿದ ಮಣ್ಣಿನ ರಾಶಿ ಅಲೆಯನ್ನು ಅಷ್ಟು ದೊಡ್ಡದಾಗಿಸಿತು, ಓಡಿಹೋಗಲು ಎತ್ತರದ ನೆಲವಿರಲಿಲ್ಲ. ಅಂಥ ಊರಿನವರು ಗಟ್ಟಿಮುಟ್ಟಾದ ಕಾಂಕ್ರೀಟ್ ಕಟ್ಟಡದ ಮೇಲ್ಮಹಡಿಯನ್ನೋ ದಿಣ್ಣೆಯಿಂದ ಹೊರಹೋಗುವ ದಾರಿಯನ್ನೋ ಮೊದಲೇ ಗೊತ್ತುಮಾಡಿಟ್ಟಿರಬೇಕು, ಮತ್ತು ನಡುಕ ಬಲವಾಗಿದ್ದರೆ ಒಂದು ನಿಮಿಷ ತುಂಬುವವರೆಗೂ ಎಣಿಸುತ್ತ ಕೂರಬಾರದು.

ಹಂತ 4: ಪ್ರಕಟಣೆ ಬಂದಾಗ ಅದನ್ನು ಸರಿಯಾಗಿ ಓದಿ

ಪೆಸಿಫಿಕ್ ಸಾಗರಕ್ಕೆ ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರ, ಹಿಂದೂ ಮಹಾಸಾಗರಕ್ಕೆ ಭಾರತ, ಆಸ್ಟ್ರೇಲಿಯಾ, ಇಂಡೊನೇಷ್ಯಾಗಳ ಕೇಂದ್ರಗಳು ಮಾಹಿತಿ ಕಳುಹಿಸುತ್ತವೆ. ಜನರಿಗೆ ಆಜ್ಞೆ ಕೊಡುವ ಅಧಿಕಾರ ಮಾತ್ರ ಆಯಾ ದೇಶದ ಆಡಳಿತದ್ದು. ಪ್ರಕಟಣೆಯಲ್ಲಿ ಮೊದಲು ನೋಡಬೇಕಾದದ್ದು ಸಮಯ: ಅದು ಹೆಚ್ಚಾಗಿ ಯುಟಿಸಿ ಎಂಬ ಜಾಗತಿಕ ಕಾಲಮಾನದಲ್ಲಿರುತ್ತದೆ. ಸ್ಥಳೀಯ ಸಮಯಕ್ಕೆ ಪರಿವರ್ತಿಸದೆ ಓದಿದವರು ಈಗಷ್ಟೇ ಆದ ಭೂಕಂಪವನ್ನು ಬೆಳಗಿನದೆಂದೋ, ಬೆಳಗಿನದನ್ನು ಹೊಸದೆಂದೋ ತಿಳಿದು ಗಾಬರಿ ಹಬ್ಬಿಸುತ್ತಾರೆ.

ನಂತರ ಪ್ರಮಾಣ. 6.5ಕ್ಕಿಂತ ಕಡಿಮೆ ಪ್ರಮಾಣದ ಭೂಕಂಪ ಸುನಾಮಿಯನ್ನು ಎಬ್ಬಿಸುವುದು ತೀರ ಅಪರೂಪ, 6.5ರಿಂದ 7.5ರವರೆಗಿನವು ಎಬ್ಬಿಸಿದರೂ ಅದು ಸಾಮಾನ್ಯವಾಗಿ ವಿನಾಶಕಾರಿಯಾಗುವುದಿಲ್ಲ, ಸಿಸ್ಸಾನೋದಂಥ ಅಪವಾದಗಳನ್ನು ಬಿಟ್ಟು. ಪ್ರಮಾಣದಲ್ಲಿ ಒಂದು ಪೂರ್ಣಾಂಕ ಹೆಚ್ಚಾದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಹೆಚ್ಚುತ್ತದೆ, ಅಂದರೆ 5.5ಕ್ಕೂ 7ಕ್ಕೂ ನಡುವೆ ಸುಮಾರು 180 ಪಟ್ಟಿನ ಅಂತರವಿದೆ. ಹೀಗಾಗಿ 5.5 ಎಂಬ ಅಂಕಿ ದೃಢಪಟ್ಟರೆ ನಿಜವಾಗಿಯೂ ನಿರಾಳವಾಗಬಹುದು. ದೃಢಪಡುವುದು ಎಂಬುದೇ ಇಲ್ಲಿ ಮುಖ್ಯ. ಮೊದಲ ಕೆಲವು ನಿಮಿಷಗಳ ಅಂಕಿ ಯಂತ್ರ ತಾನಾಗಿ ಲೆಕ್ಕ ಹಾಕಿದ್ದು. ದೂರದ ಕರಾವಳಿಯ ಸುತ್ತ ಭೂಕಂಪಮಾಪಕಗಳು ವಿರಳವಾಗಿದ್ದು, ಸಮುದ್ರದ ಕಡೆ ಒಂದೂ ಇಲ್ಲದಿದ್ದಾಗ, ಕೇಂದ್ರಬಿಂದು ಹತ್ತಾರು ಕಿಲೋಮೀಟರ್ ಆಚೀಚೆ ಆಗಬಹುದು, ಪ್ರಮಾಣವೂ ಬದಲಾಗಬಹುದು. ತಜ್ಞರು ಪರಿಶೀಲಿಸಿದ ಮೇಲೆ ಬಂದ ಪರಿಷ್ಕೃತ ಅಂಕಿಯನ್ನು ಕೆಲವರು ಮುಚ್ಚಿಡುವ ಪ್ರಯತ್ನವೆಂದು ಆಡಿಕೊಳ್ಳುವುದುಂಟು, ಅದಕ್ಕೆ ಬೆಲೆ ಕೊಡಬೇಕಿಲ್ಲ.

ಆಳದ ಅಂಕಿಯಲ್ಲೂ ಒಂದು ಒಳಗುಟ್ಟಿದೆ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಪಟ್ಟಿಯಲ್ಲಿ ಆಳ ಸರಿಯಾಗಿ 10 ಕಿಲೋಮೀಟರ್ ಎಂದಿದ್ದರೆ, ಬಹಳಷ್ಟು ಸಲ ಅದು ಅಳೆದ ಆಳವಲ್ಲ. ಹೆಚ್ಚು ಆಳದ್ದಲ್ಲ ಎಂಬಷ್ಟು ಮಾತ್ರ ಗೊತ್ತಾದಾಗ ಲೆಕ್ಕಕ್ಕಾಗಿ ಕೂರಿಸಿದ ಅಂಕಿ. ಹತ್ತಿರದ ಹಳ್ಳಿಯ ಗೋಡೆಗಳಿಗೆ ಎಷ್ಟು ಪೆಟ್ಟಾಗಿರಬಹುದೆಂದು ಆ ಅಂಕಿಯಿಂದ ತೀರ್ಮಾನಿಸಲು ಹೋಗಬೇಡಿ. ಒಂದು ಭೂಕಂಪಕ್ಕೆ ಪ್ರಮಾಣ ಒಂದೇ. ಊರೂರಿನಲ್ಲಿ ಅನುಭವಕ್ಕೆ ಬರುವ ತೀವ್ರತೆ ದೂರ, ಆಳ, ಮಣ್ಣಿನ ಗುಣಗಳಿಗೆ ತಕ್ಕಂತೆ ಬೇರೆಬೇರೆ. ಬಂಡೆಯ ಮೇಲಿನ ಮನೆ ಸುಮ್ಮನಿದ್ದಾಗ ಅಳಿವೆಯ ಹೂಳಿನ ಮೇಲಿನ ಮನೆ ಬಿರುಕು ಬಿಡುವುದು ವಿಚಿತ್ರವೇನಲ್ಲ.

ಹಂತ 5: ಕಡಿದಾದ ಗುಡ್ಡಗಳ ನಡುವಿನ ಕೊಲ್ಲಿಗಳಿಗೆ ಬೇರೆಯೇ ಲೆಕ್ಕ

ಹಿಂದಿನ ಹಂತದ ನಿರಾಳತೆಗೆ ಒಂದು ದೊಡ್ಡ ಅಪವಾದವಿದೆ. ಗುಡ್ಡಗಳು ನೇರವಾಗಿ ನೀರಿಗಿಳಿಯುವ ಇಕ್ಕಟ್ಟಾದ ಕೊಲ್ಲಿಗಳಲ್ಲಿ ಅಲೆಯನ್ನು ಎಬ್ಬಿಸಲು ಭೂಕಂಪ ತಾನೇ ದೊಡ್ಡದಾಗಿರಬೇಕಿಲ್ಲ, ಗುಡ್ಡವನ್ನು ಸಡಿಲಿಸಿದರೆ ಸಾಕು. ದಕ್ಷಿಣ ಚಿಲಿಯ ಐಸೇನ್ ಕೊಲ್ಲಿಯಲ್ಲಿ 2007ರ ಜನವರಿಯಿಂದ ಸಣ್ಣ ಮತ್ತು ಮಧ್ಯಮ ಕಂಪನಗಳ ಸರಣಿ ನಡೆಯುತ್ತಿತ್ತು. ಏಪ್ರಿಲ್ 21ರಂದು 6.2 ಪ್ರಮಾಣದ ಭೂಕಂಪವಾದಾಗ ಕೊಲ್ಲಿಯ ಗೋಡೆಗಳು ನೀರಿಗೆ ಜಾರಿ, ಎದ್ದ ಅಲೆಗಳಿಗೆ ಹತ್ತು ಮಂದಿ ಬಲಿಯಾದರು ಅಥವಾ ಕಾಣೆಯಾದರು. ಗ್ರೀನ್‌ಲ್ಯಾಂಡಿನ ನೂಗಾತ್ಸಿಯಾಕ್ ಎಂಬ ಪುಟ್ಟ ಹಳ್ಳಿಯಲ್ಲಿ 2017ರ ಜೂನ್ 17ರಂದು ನಾಲ್ವರನ್ನು ಕೊಂಡೊಯ್ದ ಅಲೆಗೆ ಕಾರಣವಾದದ್ದು ಕೊಲ್ಲಿಯೊಳಗಿನ ಭಾರೀ ಭೂಕುಸಿತ. ಅದರ ನಡುಕವನ್ನು ಆರಂಭದಲ್ಲಿ ಸಣ್ಣ ಭೂಕಂಪವೆಂದೇ ಭಾವಿಸಲಾಗಿತ್ತು.

ಇಂಥ ಕೊಲ್ಲಿಯ ದಂಡೆಯಲ್ಲಿರುವವರು ಸುನಾಮಿ ಅಪಾಯವಿಲ್ಲ ಎಂಬ ಪ್ರಕಟಣೆಯನ್ನು ತೆರೆದ ಕಡಲಿಗೆ ಅನ್ವಯಿಸುವ ಮಾತೆಂದು ತಿಳಿಯಬೇಕು. ಬಲವಾಗಿ ನಡುಗಿದ ಕೂಡಲೇ ನೀರಿನಂಚಿನಿಂದ ಮೇಲೇರಿ. ಗುಡ್ಡದಲ್ಲಿ ಹೊಸ ಬಿರುಕು, ಉರುಳುತ್ತಿರುವ ಕಲ್ಲು, ಧೂಳಿನ ಮೋಡ, ಹೊಸದಾಗಿ ಬೋಳಾದ ಮೈ ಕಂಡರೆ ಆಡಳಿತಕ್ಕೆ ತಿಳಿಸಿ, ಭೂವಿಜ್ಞಾನಿಗಳು ನೋಡುವವರೆಗೆ ಅದರ ಎದುರು ದಂಡೆಯಲ್ಲಿಯೂ ರಾತ್ರಿ ಕಳೆಯಬೇಡಿ. ಇಲ್ಲಿ ಅಲೆ ಬರಲು ಹದಿನೈದು ನಿಮಿಷ ಬೇಡ, ಎರಡು ಮೂರು ನಿಮಿಷವೂ ಸಾಕಾಗಬಹುದು.

ಹಂತ 6: ಇಳಿದು ಬರುವುದು, ಮನೆ ನೋಡುವುದು

ಸುನಾಮಿ ಎಂಬುದು ಅಲೆಗಳ ಸರಣಿ, ಒಂದಕ್ಕೂ ಇನ್ನೊಂದಕ್ಕೂ ಹತ್ತು ನಿಮಿಷದಿಂದ ಒಂದು ಗಂಟೆಯವರೆಗೂ ಅಂತರವಿರಬಹುದು. ಅಲಾಸ್ಕಾದ 1964ರ ಭೂಕಂಪದ ನಂತರ ಕ್ಯಾಲಿಫೋರ್ನಿಯಾದ ಕ್ರೆಸೆಂಟ್ ಸಿಟಿಯಲ್ಲಿ ಮೊದಲ ಅಲೆಗಳು ಇಳಿದ ಮೇಲೆ ಕೆಲವರು ಅಂಗಡಿ ಮನೆಗಳನ್ನು ನೋಡಲು ಹಿಂತಿರುಗಿದರು. ಆಮೇಲೆ ಬಂದ ನಾಲ್ಕನೆಯ ಅಲೆ ಎಲ್ಲಕ್ಕಿಂತ ದೊಡ್ಡದಾಗಿತ್ತು. ಎಚ್ಚರಿಕೆ ರದ್ದಾಯಿತೆಂದು ಅಧಿಕೃತವಾಗಿ ತಿಳಿದ ಮೇಲೆಯೇ ಇಳಿಯಿರಿ.

ಮನೆಗೆ ಕಾಲಿಡುವ ಮುಂಚೆ ಹೊರಗಿನಿಂದ ಒಂದು ಸುತ್ತು ಬನ್ನಿ. ಗೋಡೆ ವಾಲಿದೆಯೇ, ಮಾಡು ಕುಗ್ಗಿದೆಯೇ, ಅಡಿಪಾಯ ನೆಲದಿಂದ ಬೇರ್ಪಟ್ಟಿದೆಯೇ ನೋಡಿ. ಗಿಲಾವಿನ ಮೇಲಿನ ಕೂದಲೆಳೆಯಂಥ ಬಿರುಕುಗಳು ಸಾಮಾನ್ಯ. ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಹೊರಟು ಗೋಡೆಯ ಇನ್ನೊಂದು ಮೈಯಲ್ಲೂ ಕಾಣುವ ಬಿರುಕು, ಕಂಬದ ಮೇಲಿನ ಬಿರುಕು, ಇದ್ದಕ್ಕಿದ್ದಂತೆ ಮುಚ್ಚದಂತಾದ ಬಾಗಿಲು, ಇವು ಆ ಮನೆಯಲ್ಲಿ ಮಲಗಬಾರದೆಂಬ ಸೂಚನೆಗಳು. ಒಳಗೆ ಅನಿಲದ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಬೆಂಕಿಕಡ್ಡಿ ಗೀರದೆ, ಸಿಲಿಂಡರಿನ ಕವಾಟ ಮುಚ್ಚಿ ಹೊರಬನ್ನಿ. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದು ಫೋಟೊ ತೆಗೆದಿಡಿ; ಮುಂದಿನ ಕಂಪನಗಳಲ್ಲಿ ಅದು ಬೆಳೆಯಿತೇ ಎಂಬುದು ಆಗ ವಾದವಿಲ್ಲದೆ ತಿಳಿಯುತ್ತದೆ.

ಬಾವಿಯ ನೀರು ಕೆಲವು ದಿನ ಕದಡಿರಬಹುದು. ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪಾಗಲಿ ಸೋರಿದ ಡೀಸೆಲ್ ಆಗಲಿ ಹೋಗುವುದಿಲ್ಲ. ರುಚಿ ಅಥವಾ ವಾಸನೆ ಬದಲಾದ ಬಾವಿಯನ್ನು ಪರೀಕ್ಷೆಯಾಗುವವರೆಗೆ ಕುಡಿಯಲು ಬಳಸಬೇಡಿ. ಧಕ್ಕೆಯಲ್ಲಿ ಕಂಬಗಳು ನೆಟ್ಟಗಿವೆಯೇ, ನೆಲಕ್ಕೂ ಜೆಟ್ಟಿಗೂ ನಡುವೆ ಹೊಸ ಸಂದು ಬಿಟ್ಟಿದೆಯೇ, ಮರಳಿನಿಂದ ನೀರು ಉಕ್ಕಿದ ಗುರುತುಗಳಿವೆಯೇ ನೋಡದೆ ಭಾರ ಹೇರಬೇಡಿ. ನೀರು ನೆಲಕ್ಕೆ ಏರದಂಥ ಸಣ್ಣ ಸುನಾಮಿಯೂ ಬಂದರಿನೊಳಗೆ ಗಂಟೆಗಟ್ಟಲೆ ಬಿರುಸಿನ ಸುಳಿಗಳನ್ನು ಉಂಟುಮಾಡುತ್ತದೆ. ಕಟ್ಟಿದ ದೋಣಿಯನ್ನು ಉಳಿಸಲು ಆಗ ಧಕ್ಕೆಗಿಳಿಯುವುದು ಪ್ರಾಣದ ಮೇಲಿನ ಜೂಜು. ಕಡಲಲ್ಲಿರುವ ದೋಣಿಗಳು ಎಚ್ಚರಿಕೆ ಇರುವಷ್ಟು ಹೊತ್ತು ಆಳದ ನೀರಿನಲ್ಲೇ ಉಳಿಯಬೇಕು. ಎಷ್ಟು ಆಳ ಎಂಬುದರ ಸಲಹೆ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ನೂರು ಮಾರು, ಅಂದರೆ ಸುಮಾರು 180 ಮೀಟರ್, ಬಹಳ ಕಾಲದಿಂದ ಬಳಕೆಯಲ್ಲಿರುವ ಸುರಕ್ಷಿತ ಅಳತೆ.

ಹಂತ 7: ಹೊರಜಗತ್ತಿಗೆ ತಿಳಿಸಿ, ಏನೂ ಆಗದಿದ್ದರೂ ತಿಳಿಸಿ

ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ಬ್ಯೂರಿನ್ ಪರ್ಯಾಯದ್ವೀಪದ ಮೀನುಗಾರ ಊರುಗಳಿಗೆ 1929ರ ನವೆಂಬರ್ 18ರ ಸಂಜೆ ಸುನಾಮಿ ಅಪ್ಪಳಿಸಿತು. ಕಡಲಾಚೆಯ 7.2 ಪ್ರಮಾಣದ ಭೂಕಂಪ ಸಮುದ್ರತಳದ ಇಳಿಜಾರನ್ನು ಕುಸಿಯಿಸಿ, ಅಟ್ಲಾಂಟಿಕ್ ಸಾಗರದ 12 ಟೆಲಿಗ್ರಾಫ್ ಕೇಬಲ್‌ಗಳನ್ನು ತುಂಡರಿಸಿತ್ತು. 28 ಮಂದಿ ಸತ್ತರು. ಊರಿನ ತಂತಿ ಸಂಪರ್ಕ ಕೆಟ್ಟಿದ್ದರಿಂದ ಮೂರನೆಯ ದಿನ ಎಂದಿನ ವೇಳಾಪಟ್ಟಿಯಂತೆ ಬಂದ ಹಡಗಿನ ವೈರ್‌ಲೆಸ್‌ನಿಂದಲೇ ಸುದ್ದಿ ಹೊರಹೋದದ್ದು. ಇಂದಿಗೂ ನಿಯಂತ್ರಣ ಕೊಠಡಿಯಲ್ಲಿ ಕುಳಿತವರಿಗೆ ಮೌನವಾಗಿರುವ ಹಳ್ಳಿ ಕ್ಷೇಮವಾಗಿದೆಯೇ ಕೊಚ್ಚಿಹೋಗಿದೆಯೇ ತಿಳಿಯದು. ಒಂದೇ ಹೆಲಿಕಾಪ್ಟರ್ ಇದ್ದರೆ ಅದು ಮೊದಲು ಎಲ್ಲಿಗೆ ಹೋಗಬೇಕೆಂಬುದನ್ನು ಕ್ಷೇಮದ ಸಂದೇಶಗಳೂ ನಿರ್ಧರಿಸುತ್ತವೆ.

ಕರೆ ಸಿಗದಿದ್ದಾಗಲೂ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು. ಮೊಬೈಲ್ ಗೋಪುರ ಸತ್ತಿದ್ದರೆ ದೋಣಿಯ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್, ಉಪಗ್ರಹ ಫೋನ್, ಹವ್ಯಾಸಿ ರೇಡಿಯೊ ಇವುಗಳಲ್ಲಿ ಇದ್ದದ್ದನ್ನು ಬಳಸಿ. ಹತ್ತು ಜನ ಹತ್ತು ಬಗೆಯ ಸುದ್ದಿ ಕಳುಹಿಸುವುದಕ್ಕಿಂತ ಒಬ್ಬರೇ ಕಳುಹಿಸುವುದು ಮೇಲು. ಸಂದೇಶ ಈ ಧಾಟಿಯಲ್ಲಿರಲಿ: “ಊರಿನ ಹೆಸರು. ಸಂಜೆ 4.10ಕ್ಕೆ ಕಂಪನ, ಸುಮಾರು 15 ಸೆಕೆಂಡು. ಗಾಯಾಳು ಇಬ್ಬರು, ಒಬ್ಬರಿಗೆ ಕಾಲು ಮುರಿದಿದೆ. ಸಮುದ್ರದಲ್ಲಿ ಬದಲಾವಣೆ ಕಂಡಿಲ್ಲ. ರಸ್ತೆ ಗುಡ್ಡ ಕುಸಿದು ಬಂದ್. ಕುಡಿಯುವ ನೀರು ಎರಡು ದಿನಕ್ಕಿದೆ. ಮುಂದಿನ ಸಂದೇಶ 6ಕ್ಕೆ.” ಮುಂದಿನ ಸಂದೇಶದ ಸಮಯವನ್ನು ಹೇಳಿದರೆ ಅಲ್ಲಿಯವರೆಗೆ ರೇಡಿಯೊ ಮುಚ್ಚಿ ಬ್ಯಾಟರಿ ಉಳಿಸಬಹುದು. ಸಂಪರ್ಕ ಸುಧಾರಿಸಿದ ಮೇಲೆ ಭೂಕಂಪ ಸಂಸ್ಥೆಗಳ ಅನುಭವ ವರದಿಯ ಅರ್ಜಿಯನ್ನೂ ತುಂಬಿ. ಉಪಕರಣಗಳಿಲ್ಲದ ಕರಾವಳಿಯಿಂದ ಬಂದ ಒಂದೊಂದು ವರದಿಯೂ ತೀವ್ರತೆಯ ನಕ್ಷೆಯನ್ನು ತಿದ್ದುತ್ತದೆ.

ಹಂತ 8: ಮುಂದಿನ ವಾರ

ಪಶ್ಚಾತ್ ಕಂಪನಗಳು ಬರುತ್ತವೆ. ಅವುಗಳ ಸಂಖ್ಯೆ ಸ್ಥೂಲವಾಗಿ ದಿನಗಳಿಗೆ ವಿಲೋಮವಾಗಿ ಇಳಿಯುತ್ತದೆ, ಅಂದರೆ ಹತ್ತನೆಯ ದಿನದಲ್ಲಿ ಮೊದಲ ದಿನದ ಹತ್ತನೇ ಒಂದರಷ್ಟನ್ನು ನಿರೀಕ್ಷಿಸಬಹುದು. ಅವುಗಳಲ್ಲಿ ಅತಿ ದೊಡ್ಡದು ಮುಖ್ಯ ಕಂಪನಕ್ಕಿಂತ ಸರಾಸರಿ 1.2ರಷ್ಟು ಚಿಕ್ಕದಾಗಿರುತ್ತದೆ, ಆದ್ದರಿಂದ 5.8ರ ಹಿಂದೆ 4.6ರದೊಂದು ಬಂದರೆ ಅಚ್ಚರಿಪಡಬೇಕಿಲ್ಲ. ಬಂದುಹೋದದ್ದೇ ಮುನ್ಕಂಪನವಾಗಿದ್ದು, ಅದಕ್ಕಿಂತ ದೊಡ್ಡದು ಮುಂದೆ ಬರುವ ಸಂಭವ ಸುಮಾರು ನೂರಕ್ಕೆ ಐದು. ಅದೂ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ದುರ್ಬಲಗೊಂಡ ಮನೆಯಿಂದ ಹೊರಗೆ ಮಲಗಲು ಇಷ್ಟು ಕಾರಣ ಸಾಕು, ಊರು ಬಿಟ್ಟು ಹೋಗಲು ಸಾಲದು. ನಾಳೆ ಇಷ್ಟು ಗಂಟೆಗೆ ಇಷ್ಟು ಪ್ರಮಾಣದ ಭೂಕಂಪ ಎಂದು ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ನಿರಪವಾದವಾಗಿ ಸುಳ್ಳು. ದಿನ, ಗಂಟೆ, ಸ್ಥಳ ಹಿಡಿದು ಭೂಕಂಪವನ್ನು ಮುಂಗಾಣುವ ವಿಧಾನ ಇಂದಿನವರೆಗೂ ಯಾರ ಬಳಿಯೂ ಇಲ್ಲ.

ಇದೇ ವಾರದಲ್ಲಿ, ನೆನಪು ಹಸಿಯಾಗಿರುವಾಗ, ಎತ್ತರದ ಜಾಗಕ್ಕೆ ಹೋಗುವ ದಾರಿಯನ್ನು ಒಮ್ಮೆ ಎಲ್ಲರೂ ನಡೆಯಿರಿ. ಚುರುಕಾಗಿ ನಡೆಯುವ ಯುವಕರ ಸಮಯವನ್ನು ಬರೆದುಕೊಂಡರೆ ಪ್ರಯೋಜನವಿಲ್ಲ. ಕೋಲೂರಿ ನಡೆಯುವವರು, ಗರ್ಭಿಣಿಯರು, ಕೂಸನ್ನೆತ್ತಿಕೊಂಡವರು ತಲುಪುವ ಸಮಯವೇ ಊರಿನ ಸಮಯ. ಒಮ್ಮೆ ಹಗಲಿನಲ್ಲಿ ನಡೆದ ಮೇಲೆ ಇನ್ನೊಮ್ಮೆ ದೀಪವಿಲ್ಲದ ರಾತ್ರಿಯಲ್ಲಿ ಟಾರ್ಚ್ ಹಿಡಿದು ನಡೆಯಿರಿ, ಬೀಗ ಹಾಕಿದ ಗೇಟು, ಮುಳ್ಳುಬೇಲಿ, ಮಳೆಗೆ ಕೊರೆದ ಮೆಟ್ಟಿಲು ಆಗಲೇ ಸಿಗುವುದು. ಆ ಸಮಯ ಹದಿನೈದು ನಿಮಿಷವನ್ನು ಮೀರಿದರೆ ಹತ್ತಿರದ ಇನ್ನೊಂದು ದಿಬ್ಬವನ್ನು ಹುಡುಕಿ, ಅದಕ್ಕೆ ದಾರಿ ಕಡಿಯಿರಿ, ಗೇಟಿನ ಬೀಗದ ಕೈ ಯಾರಲ್ಲಿರಬೇಕೆಂದು ಅಲ್ಲೇ ತೀರ್ಮಾನಿಸಿ.